ಹೊಳೆ ಪಾರ್ಕಿನ ಮಂಗಳವಾರಗಳು

ಬೀಗದ ಕೈಗಳ ಗೊಂಚಲನ್ನು ಒಪ್ಪಿಸುವಾಗ, ನನ್ನ ಜಾಗಕ್ಕೆ ಬಂದ ಹೊಸ ಹುಡುಗಿ ಭಾಗ್ಯಶ್ರೀ ಕೇಳಿದಳು: "ಅಕ್ಕಾ, ಇಲ್ಲಿ ದಿನಾ ಕೆಲಸ ಏನಿರ್ತದ?"

"ಮುಂಜಾನಿ ಒಂಬತ್ತಕ್ಕ ಗೇಟ್ ತೆಗಿ, ಸಂಜಿ ಆರಕ್ಕ ಹಾಕು. ನಡುವ ಕಸಾ ಹೊಡಿ," ಎಂದೆ.

ಅವಳಿಗೆ ಸಮಾಧಾನವಾಯಿತು. ನಾನು ಹಾರ, ಶಾಲು, ಒಂದು ಗೋಡೆ ಗಡಿಯಾರ ಹಿಡಿದುಕೊಂಡು ಬಸ್ಸು ಹತ್ತಿದೆ. ಚಿತ್ತಾಪುರ ದಾಟುವ ಹೊತ್ತಿಗೆ ನನಗೇ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷ ಮಾಡಿದ ಕೆಲಸವನ್ನು ಮೂರು ಮಾತಿನಲ್ಲಿ ಮುಗಿಸಿಬಿಟ್ಟಿದ್ದೆ. ಅವಳಿಗೆ ಹೇಳದೆ ಬಿಟ್ಟಿದ್ದನ್ನು ಈಗ ಬರೆಯುತ್ತಿದ್ದೇನೆ. ಇಂಥ ಕೆಲಸಕ್ಕೆ ಸೇರುವ ಬೇರೆಯವರೂ ಓದಿಕೊಳ್ಳಲಿ.

ನಮ್ಮ ಪಾರ್ಕು ಸೇಡಂ ಮತ್ತು ಚಿತ್ತಾಪುರದ ನಡುವೆ, ಕಾಗಿಣಾ ಹೊಳೆ ಮೊಣಕೈಯಂತೆ ಬಾಗುವ ಕಡೆ ಇದೆ. ನಾಲ್ಕು ಬೇವಿನ ಮರ, ಎರಡು ತಗಡಿನ ಮಂಟಪ, ಮೂರು ಜೋಕಾಲಿ, ಹೊಳೆಗೆ ಇಳಿಯಲು ಹನ್ನೆರಡು ಮೆಟ್ಟಿಲು. ಉಳಿದುಕೊಳ್ಳಲು ಕೋಣೆ ಇಲ್ಲ, ಹೋಟೆಲ್ ಇಲ್ಲ. ಬುತ್ತಿ ಕಟ್ಟಿಕೊಂಡು ಮುಂಜಾನೆ ಬರಬೇಕು, ಸಂಜೆ ಹೋಗಬೇಕು. ವಾಡಿಯಿಂದ ಕಾರ್ಖಾನೆಯವರು ತಮ್ಮ ರಜೆಯ ದಿನ ಬರುತ್ತಿದ್ದರು, ಶಹಾಬಾದಿನಿಂದ ಕಲ್ಲು ಗಣಿಯವರು, ಚಿಂಚೋಳಿಯಿಂದ ಬೀಗರನ್ನು ಕರೆದುಕೊಂಡು ಬರುವವರು. ಎಳ್ಳಮಾವಾಸ್ಯೆಯ ದಿನ ಮಾತ್ರ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹೊಲ ಇದ್ದವರು ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿ ರೊಟ್ಟಿ ಉಣ್ಣುತ್ತಾರೆ. ಹೊಲ ಇಲ್ಲದವರು ನಮ್ಮ ಪಾರ್ಕಿಗೆ ಬಂದು ಬೇವಿನ ಮರಕ್ಕೇ ನೈವೇದ್ಯದ ಚರಗ ಚೆಲ್ಲಿ ಉಣ್ಣುತ್ತಿದ್ದರು. ಉಳಿದ ದಿನಗಳಲ್ಲಿ ಒಂದು ಕಡೆ ಹೊಳೆ, ಇನ್ನೊಂದು ಕಡೆ ನಾನು.

ಸೇತುವೆ ಆಗುವ ಮೊದಲು ಈ ಹೊಳೆಯಲ್ಲಿ ಹರಗೋಲು ಹಾಕುತ್ತಿದ್ದವರು ನಮ್ಮಪ್ಪನ ಮನೆಯವರು. ನನಗೆ ನಡೆಯಲು ಬಂದದ್ದಕ್ಕೂ ಈಜಲು ಬಂದದ್ದಕ್ಕೂ ಹೆಚ್ಚು ಅಂತರ ಇಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಕೆಲಸಕ್ಕೆ ಸೇರುವ ದಿನ ಪಾರ್ಕಿನ ಮೇಲ್ವಿಚಾರಕ ಮಲ್ಲಿನಾಥ ಸಾಹೇಬರು ಕೇಳಿದರು:

"ಓದಾಕ ಬರ್ತದೇನು?"

"ಹತ್ತನೇತ್ತ ಪಾಸಾಗೀನ್ರಿ."

"ಈಜಾಕ?"

"ಭಾಳ ಛಲೋ ಬರ್ತದ್ರಿ."

ಅವರು ತಲೆಯಾಡಿಸಿ ಕಾಗದದಲ್ಲಿ ಏನೋ ಬರೆದರು. ಆಮೇಲೆ ನೋಡಿದರೆ, "ಕಸ ಗುಡಿಸುವವರು: ಚಂದ್ರಮ್ಮ" ಎಂದಿತ್ತು. ಈಜು ಯಾಕೆ ಕೇಳಿದರು ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ.

ಸಾಹೇಬರು ಕೆಟ್ಟವರಲ್ಲ. ಅವರಿಗಿದ್ದ ಹುಚ್ಚು ಒಂದೇ, ಬೋರ್ಡು. ಪಾರ್ಕಿನಲ್ಲಿ ಏನೇ ತೊಂದರೆಯಾದರೂ ಒಂದು ಬೋರ್ಡು ಬರೆಸಿ ನಿಲ್ಲಿಸುತ್ತಿದ್ದರು. "ಹೂ ಕೀಳಬಾರದು" ಎಂಬ ಬೋರ್ಡು ಬಂದಾಗ ಪಾರ್ಕಿನಲ್ಲಿ ಒಂದು ಹೂವೂ ಇರಲಿಲ್ಲ. ಜನ ಅದನ್ನು ಓದಿ, "ಹೂ ಎಲ್ಲವ್ರಿ?" ಎಂದು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. "ಒಳಗೆ ಬರುವ ಮೊದಲು ಈ ಸೂಚನೆ ಓದಿ" ಎಂಬ ಬೋರ್ಡನ್ನು ಗೇಟಿನ ಒಳಗಡೆ ನಿಲ್ಲಿಸಿದ್ದರು. ನಾನು ಹೇಳಿದೆ, "ಸಾಹೇಬ್ರ, ಇದು ಓದೂದ್ರಾಗ ಒಳಗ ಬಂದಿರ್ತಾರಲ್ರಿ." ಸಾಹೇಬರು ಬಹಳ ಹೊತ್ತು ವಿಚಾರ ಮಾಡಿ, "ಹಂಗಾರ ಅವರು ಹೊರಗ ಹೋಗಿ ಮತ್ತ ಬರ್ಲಿ," ಎಂದರು.

ಕುಳಿತುಕೊಳ್ಳಲು ಶಹಾಬಾದಿ ಫರಸಿಕಲ್ಲಿನ ಬೆಂಚು ಹಾಕಿಸಿದವರೂ ಅವರೇ. ನೆರಳಿನಲ್ಲಿ ಹಾಕಿದರೆ ಹಕ್ಕಿಗಳು ಹೊಲಸು ಮಾಡುತ್ತವೆ ಎಂದು ಬಯಲಲ್ಲಿ ಹಾಕಿಸಿದರು. ಏಪ್ರಿಲ್ ತಿಂಗಳಲ್ಲಿ ಸೇಡಂನ ವಕೀಲರೊಬ್ಬರು ಬಿಳಿ ಪ್ಯಾಂಟಿನಲ್ಲಿ ಬಂದು, ನಾನು "ಬ್ಯಾಡ್ರಿ, ಕುಂದ್ರಬ್ಯಾಡ್ರಿ" ಎಂದು ಓಡಿ ಬರುವಷ್ಟರಲ್ಲಿ ಕುಳಿತೇಬಿಟ್ಟರು. ಅಷ್ಟು ಚುರುಕಾಗಿ ಯಾವ ವಕೀಲರೂ ಎದ್ದದ್ದನ್ನು ನಾನು ಕಂಡಿಲ್ಲ. ಮರುವಾರ ಅಲ್ಲೊಂದು ಬೋರ್ಡು ಬಂತು: "ಬಿಸಿಲಿನಲ್ಲಿ ಬೆಂಚು ಬಿಸಿಯಾಗಿರುತ್ತದೆ."

ಬರೀ ಸಾಹೇಬರ ತಪ್ಪು ಹೇಳಿದರೆ ನ್ಯಾಯವಲ್ಲ. ನನ್ನದೂ ಒಂದು ಹೇಳುತ್ತೇನೆ.

ಹೆಣ್ಣು ನೋಡುವ ಶಾಸ್ತ್ರಕ್ಕೆ ನಮ್ಮ ಪಾರ್ಕು ಅನುಕೂಲದ ಜಾಗವಾಗಿತ್ತು. ಎರಡೂ ಕಡೆಯವರಿಗೆ ಅರ್ಧ ದಾರಿ, ಮನೆಯ ಸುಣ್ಣ ಬಣ್ಣ ನೋಡಿ ಮಾತಾಡುವವರಿಲ್ಲ, ಒಪ್ಪದಿದ್ದರೆ ಎದ್ದು ಹೋಗಲು ದೊಡ್ಡ ಗೇಟು. ಒಂದು ಭಾನುವಾರ ಎರಡು ಹೆಣ್ಣಿನ ಕಡೆಯವರು ಬಂದು ಕುಳಿತಿದ್ದರು. ಸೇಡಂನವರು ಬೇವಿನ ಮರದ ಕೆಳಗೆ, ಚಿಮ್ಮನಚೋಡದವರು ಮಂಟಪದಲ್ಲಿ. ನಾನು ನೋಡಿದ್ದು ಬೇವಿನ ಮರದವರನ್ನು ಮಾತ್ರ. ವಾಡಿಯಿಂದ ಒಂದು ಜೀಪು ಬಂತು. ಇಳಿದ ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತ, "ಹೆಣ್ಣಿನ ಕಡೆಯವರು ಬಂದಾರೇನ್ರಿ?" ಎಂದರು.

"ಬಂದಾರ್ರಿ, ಬೇವಿನ ಗಿಡದ ಬುಡಕ ಕುಂತಾರ," ಎಂದೆ ನಾನು, ನನ್ನದೇ ಮಗಳ ಲಗ್ನ ಎಂಬಷ್ಟು ಉಮೇದಿನಿಂದ.

ಅವರು ಹೋಗಿ ಕುಳಿತರು. ಉಪ್ಪಿಟ್ಟು ತಿಂದರು. ಹುಡುಗಿಯನ್ನು ಏನು ಓದಿದ್ದೀ, ಅಡುಗೆ ಬರುತ್ತದೆಯೇ, ಮುಂದೆ ಕೆಲಸ ಮಾಡುತ್ತೀಯಾ ಎಂದು ಕೇಳಿದರು. ಹುಡುಗನ ತಾಯಿ ಒಪ್ಪಿಗೆಯ ನಗು ನಗುತ್ತ ಹುಡುಗಿಯ ಬೆನ್ನು ಸವರುತ್ತಿದ್ದಾಗ ಶಹಾಬಾದಿನಿಂದ ಇನ್ನೊಂದು ಜೀಪು ಬಂತು. ಅವರದೂ ಅದೇ ಪ್ರಶ್ನೆ. ಹೋಗಿ ವಿಚಾರಿಸಿದರೆ, ವಾಡಿಯವರು ನೋಡಬೇಕಾದ ಹುಡುಗಿ ಮಂಟಪದಲ್ಲಿ ಒಂದು ತಾಸಿನಿಂದ ಹೊಳೆ ನೋಡುತ್ತ ಕುಳಿತಿದ್ದಳು.

ನಾಲ್ಕೂ ಕಡೆಯ ಹಿರಿಯರು ನನ್ನ ಮೇಲೆ ಬಿದ್ದರು. ಸೇಡಂನ ಹುಡುಗಿ ಮಾತ್ರ ಖಾಲಿ ತಾಟುಗಳನ್ನು ಒಂದರ ಮೇಲೊಂದು ಇಡುತ್ತ ಹೇಳಿದಳು: "ಅಪ್ಪಾ, ಅವವೇ ಪ್ರಶ್ನಿಗೆ ಮತ್ತೊಂದು ಸಲ ಉತ್ತರ ಹೇಳಾಕ ನನ್ನಿಂದ ಆಗಂಗಿಲ್ಲ. ಇವರು ಕೇಳಿದ್ದನ್ನ ಅವರಿಗಿ ನೀನೇ ಹೇಳು."

ಆ ದಿನ ಯಾವ ಸಂಬಂಧವೂ ಕೂಡಿಬರಲಿಲ್ಲ. ಉಳಿದ ಉಪ್ಪಿಟ್ಟನ್ನು ಇಬ್ಬರೂ ಹುಡುಗಿಯರು ಜೋಕಾಲಿಯ ಮೇಲೆ ಕುಳಿತು ತಿಂದು, ಫೋನ್ ನಂಬರು ಬರೆದುಕೊಂಡು ಹೋದರು. ಭಾಗ್ಯಶ್ರೀ, ಗೇಟಿನಲ್ಲಿ ನಿಂತವರು "ಬಂದಾರೇನ್ರಿ" ಎಂದು ಕೇಳಿದರೆ ಮೊದಲು "ಯಾರು" ಎಂದು ಕೇಳಬೇಕು. ನಾನು ಕೇಳಿರಲಿಲ್ಲ.

ನಾನು ನಿವೃತ್ತಿಯಾಗುವುದಕ್ಕೆ ಆರು ವರ್ಷ ಇರುವಾಗ ಪಾರ್ಕಿಗೆ ಒಬ್ಬ ಜೀವರಕ್ಷಕ ಬೇಕೆಂದು ಮೇಲಿನ ಕಚೇರಿಯಿಂದ ಆದೇಶವಾಯಿತು. ಬಂದವನು ತೆಂಗಳಿಯ ರೇವಣ್ಣ. ಆರಡಿ ಎತ್ತರ, ಬಾಗಿಲಗಲದ ಎದೆ. ಕಿತ್ತಳೆ ಬಣ್ಣದ ಬರೀ ಬಟ್ಟೆಯ ಜಾಕೀಟು, ಕೊರಳಲ್ಲಿ ಸೀಟಿ. ಸಾಹೇಬರು ಅವನನ್ನು ನೋಡಿದ್ದೇ, "ಇಂಥಾ ಮನಷ್ಯಾ ಬೇಕಾಗಿತ್ತು ನಮ್ಗ," ಎಂದು ಕೈ ಕುಲುಕಿದರು.

ಒಂದು ತಿಂಗಳು ನಾನು ಮೆಟ್ಟಿಲು ಗುಡಿಸುತ್ತ ಅವನನ್ನು ಗಮನಿಸಿದೆ. ಅವನು ಹನ್ನೆರಡು ಮೆಟ್ಟಿಲಿನಲ್ಲಿ ಹತ್ತನೆಯದಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಯಾರಾದರೂ ಮೊಣಕಾಲಿನವರೆಗೆ ನೀರಿಗೆ ಇಳಿದರೂ ಜೀವ ಹೋದಂತೆ ಸೀಟಿ ಊದುತ್ತಿದ್ದ. ಒಂದು ದಿನ ಬುತ್ತಿ ಬಿಚ್ಚುವಾಗ ನೇರವಾಗಿ ಕೇಳಿದೆ.

"ರೇವಣ್ಣ, ಖರೇ ಹೇಳು. ನಿನಗ ಈಜು ಬರ್ತದೋ ಇಲ್ಲೋ?"

ರೊಟ್ಟಿ ಅವನ ಕೈಯಲ್ಲೇ ನಿಂತಿತು. "ಇಲ್ಲಕ್ಕಾ. ನಾ ವನರಕ್ಷಕ ಅಂತ ಅರ್ಜಿ ಹಾಕಿದ್ದೆ. ಜೀವರಕ್ಷಕ ಅಂತ ಆರ್ಡರ್ ಬಂತು. ಎರಡರಾಗೂ ರಕ್ಷಕ ಅದ ಅಂತ ಸಹಿ ಮಾಡಿಬಿಟ್ಟೆ."

"ಯಾರರ ಮುಳುಗಿದ್ರ ಏನ್ ಮಾಡಾಂವ ಇದ್ದಿ?"

"ನಿನ್ನ ಕರಿಯಾಂವ ಇದ್ದೆ," ಎಂದ. "ನಿನಗ ಬರ್ತದಂತ ಊರಾಗ ಎಲ್ಲಾರೂ ಅಂತಾರಲ್ಲ."

ಸಿಟ್ಟು ಬಂತು, ನಗುವೂ ಬಂತು. ಈಜು ಬರುವ ನನಗೆ ಕಸಬರಿಗೆ, ಬಾರದ ಇವನಿಗೆ ಸೀಟಿ. ಆದರೆ ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು, ಹಾಸಿಗೆ ಹಿಡಿದ ಅಪ್ಪ ಇದ್ದಾರೆ ಎಂದು ಹೇಳಿ ತಲೆ ತಗ್ಗಿಸಿ ಕುಳಿತವನನ್ನು ಸಾಹೇಬರಿಗೆ ಹಿಡಿದುಕೊಡಲು ಮನಸ್ಸಾಗಲಿಲ್ಲ. ಮಂಗಳವಾರ ಪಾರ್ಕಿಗೆ ರಜೆ. "ಮಂಗಳವಾರ ಮುಂಜಾನಿ ಏಳಕ್ಕ ಬಾ. ಎರಡು ಖಾಲಿ ಎಣ್ಣಿ ಡಬ್ಬಿ ತಗೊಂಡು ಬಾ," ಎಂದೆ.

ಆ ಬೇಸಿಗೆಯಲ್ಲಿ ನಾನು ಪಟ್ಟ ಪಾಡು ನನಗೇ ಗೊತ್ತು. ಸೀರೆಯ ಕಚ್ಚೆ ಬಿಗಿದು ನಾನು ಮಡುವಿಗೆ ಇಳಿದರೆ, ಅವನು ಬೆನ್ನಿಗೆ ಎರಡು ಡಬ್ಬಿ ಕಟ್ಟಿಕೊಂಡು ಮೆಟ್ಟಿಲ ಮೇಲೆ ಜಪ ಮಾಡುತ್ತಿದ್ದ.

"ಅಕ್ಕಾ, ನೀರಾಗ ಏನರ ಕಡೀತದೇನು?"

"ನಿನ್ನಂಥಾ ದೊಡ್ಡದನ್ನ ಕಡಿಯೂ ಮೀನ ನಮ್ಮ ಹೊಳ್ಯಾಗಿಲ್ಲ. ಇಳಿ."

ಮೊದಲ ದಿನ ಇಳಿದ. ಡಬ್ಬಿಗಳು ಮೇಲೆ ತೇಲಿದವು, ರೇವಣ್ಣ ಕೆಳಗೆ ತೇಲಿದ. ಜುಟ್ಟು ಹಿಡಿದು ಎತ್ತೋಣವೆಂದರೆ ತಲೆಯಲ್ಲಿ ಕೂದಲೇ ಕಡಿಮೆ. ಮೂರನೆಯ ವಾರ ಕೈಕಾಲು ಬಡಿದು ನೀರನ್ನೆಲ್ಲ ದಂಡೆಗೆ ಎರಚಿದ, ತಾನು ಮಾತ್ರ ಇದ್ದಲ್ಲೇ ಇದ್ದ. ಮುಂಗಾರು ಬರುವ ಹೊತ್ತಿಗೆ ಡಬ್ಬಿ ಬಿಚ್ಚಿ ಏಳೆಂಟು ಕೈ ಹೊಡೆಯುವಷ್ಟು ಕಲಿತ. ಅಷ್ಟಾದ ದಿನ ನನಗಾಗಿ ಮನೆಯಿಂದ ಶೇಂಗಾ ಹೋಳಿಗೆ ತಂದಿದ್ದ.

ಅದೇ ವರ್ಷ ಶ್ರಾವಣ ಕಳೆದ ಮೇಲೆ, ಒಂದು ಭಾನುವಾರ ಶಹಾಬಾದಿನ ಕಡೆಯ ಒಂದು ಶಾಲೆಯ ಮಾಸ್ತರರೆಲ್ಲ ಬಸ್ಸು ಮಾಡಿಕೊಂಡು ಬಂದರು. ನಲವತ್ತು ಜನ, ಜೊತೆಗೆ ಅವರ ನಿವೃತ್ತ ಹೆಡ್ ಮಾಸ್ತರರು. ಹೊಳೆಯ ನಡುವೆ ಒಂದು ದೊಡ್ಡ ಹಾಸುಬಂಡೆ ಇದೆ. ನೀರು ಕಡಿಮೆ ಇದ್ದಾಗ ಪಾದ ಮುಳುಗುವಷ್ಟರಲ್ಲೇ ದಾಟಿ ಅಲ್ಲಿಗೆ ಹೋಗಬಹುದು. ಆ ದಿನ ಹಾಗೇ ಇತ್ತು. ಎಲ್ಲರೂ ಚಪ್ಪಲಿಗಳನ್ನು ದಂಡೆಯ ಮೇಲೆ ಬಿಟ್ಟು ಬಂಡೆ ಹತ್ತಿದರು. ಊಟವಾಯಿತು. ಅಂತ್ಯಾಕ್ಷರಿ ಶುರುವಾಯಿತು.

ಮೂರು ಗಂಟೆಯ ಸುಮಾರಿಗೆ ಹೊಳೆಯ ಬಣ್ಣ ಬದಲಾದದ್ದು ನನ್ನ ಕಣ್ಣಿಗೆ ಬಿತ್ತು. ತಿಳಿ ಇದ್ದ ನೀರು ಅಂಚಿನಲ್ಲಿ ಚಹಾದಂತಾಗಿ, ಕಡ್ಡಿ ಕಸ ತೇಲಿ ಬರುತ್ತಿತ್ತು. ಮೇಲೆ ಚಿಂಚೋಳಿಯ ಗುಡ್ಡಗಳಲ್ಲಿ ಮಳೆ ಹೊಡೆದರೆ ನಮ್ಮಲ್ಲಿ ಹೀಗೇ ಆಗುತ್ತದೆ. ನಮ್ಮ ತಲೆಯ ಮೇಲೆ ಬಿಸಿಲು, ಕಾಲ ಕೆಳಗೆ ಹೊಳೆ. ಈ ಬಣ್ಣ ಕಂಡ ಮೇಲೆ ಅರ್ಧ ತಾಸೂ ಸಿಗುವುದಿಲ್ಲ ಎಂದು ನಮ್ಮಪ್ಪ ನನಗೆ ತೋರಿಸಿಕೊಟ್ಟಿದ್ದ.

ದನಿ ದೊಡ್ಡದು ಮಾಡುವ ಕೈ ಭೋಂಗಾ ತೆಗೆದುಕೊಂಡು ಕೂಗಿದೆ: "ಹೊಳಿ ಬರ್ಲಿಕತ್ತದ್ರಿ! ಎಲ್ಲಾರೂ ದಂಡಿಗಿ ಬರ್ರಿ!"

ಯಾರೂ ಏಳಲಿಲ್ಲ. ವಿಜ್ಞಾನದ ಮಾಸ್ತರರೊಬ್ಬರು ನಿಂತು ಆಕಾಶಕ್ಕೆ ಬೆರಳು ಮಾಡಿದರು. "ಅಕ್ಕಾರ, ಒಂದು ಮೋಡ ತೋರಸ್ರಿ. ಮೋಡಿಲ್ದ ಮಳಿ ಹ್ಯಾಂಗ ಬರ್ತದ?" ಎಲ್ಲರೂ ನಕ್ಕರು. ರೇವಣ್ಣ ಸೀಟಿ ಊದಿದ. ಅವರು ಸೀಟಿಯ ತಾಳಕ್ಕೆ ಹಾಡು ಮುಂದುವರಿಸಿದರು. ಅಷ್ಟರಲ್ಲಿ ದಾಟುವ ಜಾಗದ ನೀರು ಮೊಣಕಾಲಿಗೆ ಬಂದಿತ್ತು.

ಸಾಲಾಗಿ ಬಿಟ್ಟ ಚಪ್ಪಲಿಗಳು ಕಣ್ಣಿಗೆ ಬಿದ್ದವು. ಯಾಕೆ ಹೊಳೆಯಿತೋ ಗೊತ್ತಿಲ್ಲ, ಭೋಂಗಾ ಎತ್ತಿ ಒದರಿದೆ:

"ಮಂಗ್ಯಾ ಬಂದಾವ್ರೋ! ಚಪ್ಪಲಿ ಹೊತ್ಕೊಂಡು ಹೊಂಟಾವ!"

ಹಾಡು ಅರ್ಧಕ್ಕೆ ನಿಂತಿತು. "ನನ್ನವು ಹೊಸವು!" ಎಂದು ಒಬ್ಬರು ಚೀರಿದರು. ನಲವತ್ತೂ ಜನ ಧೋತರ, ಸೀರೆ ಎತ್ತಿ ಹಿಡಿದು, ಒಬ್ಬರನ್ನೊಬ್ಬರು ತಳ್ಳುತ್ತ ಆ ಕೆಂಪು ನೀರಿನಲ್ಲಿ ದಡಬಡ ಓಡಿ ಬಂದರು. ಎಲ್ಲರಿಗಿಂತ ಮುಂದೆ ವಿಜ್ಞಾನದ ಮಾಸ್ತರರು. ರೇವಣ್ಣ ದಂಡೆಯಲ್ಲಿ ನಿಂತು ಒಬ್ಬೊಬ್ಬರ ರಟ್ಟೆ ಹಿಡಿದು ಎಳೆದುಕೊಂಡ.

"ಎಲ್ಲಿ ಮಂಗ್ಯಾ?" ಎಂದು ಅವರು ನನ್ನನ್ನು ಸುತ್ತುಗಟ್ಟಿದರು. ನಾನು ಅವರ ಹಿಂದಕ್ಕೆ ಕೈ ತೋರಿಸಿದೆ. ದಾಟಿ ಬಂದ ದಾರಿ ಕಾಣುತ್ತಿರಲಿಲ್ಲ. ಮಾಸ್ತರರಲ್ಲವೇ, ಕೂಡಲೇ ಹಾಜರಿ ಕರೆದರು. ಒಬ್ಬರು ಕಡಿಮೆ.

ನಿವೃತ್ತ ಹೆಡ್ ಮಾಸ್ತರರು ಬಂಡೆಯ ಆ ಮಗ್ಗುಲಲ್ಲಿ, ಗಿಡದ ನೆರಳಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಅವರು ಚಪ್ಪಲಿಯವರಲ್ಲ, ಬೂಟಿನವರು. ಬೂಟನ್ನು ತಲೆದಿಂಬು ಮಾಡಿಕೊಂಡಿದ್ದರು. ಮಂಗ ಬಂದರೂ ಅವರಿಗೇನು ಚಿಂತೆ?

ನಾನು ಮೆಟ್ಟಿಲ ಬಳಿ ಇಟ್ಟಿರುತ್ತಿದ್ದ ಉದ್ದ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕಚ್ಚೆ ಬಿಗಿದೆ. ರೇವಣ್ಣ ಜಾಕೀಟು ತೆಗೆದು ಕೆಳಗೆ ಇಟ್ಟ.

"ನೀ ದಂಡ್ಯಾಗ ಹಗ್ಗ ಹಿಡಿ," ಎಂದೆ.

"ಅವರು ಭಾಳ ವಜ್ಜಾ ಇದ್ದಾರಕ್ಕ. ನಿನಗೊಬ್ಬಾಕಿಗೆ ಆಗಂಗಿಲ್ಲ. ಹಗ್ಗ ಮಾಸ್ತರರು ಹಿಡೀಲಿ." ಹಾಗೆಂದವನೇ ನನಗಿಂತ ಮೊದಲು ನೀರಿಗೆ ಇಳಿದ.

ಹೋಗುವಾಗ ನೀರು ಸೊಂಟಕ್ಕಿತ್ತು. ಹೆಡ್ ಮಾಸ್ತರರನ್ನು ಅಲುಗಾಡಿಸಿದರೆ, "ಹ್ಞೂಂ, ಹ್ಞೂಂ, ಗಂಟಿ ಹೊಡೀರಿ" ಎಂದು ಮಗ್ಗುಲು ಬದಲಿಸಿದರು. ಮಾತಾಡಿಸುವಷ್ಟು ಹೊತ್ತಿರಲಿಲ್ಲ. ರೇವಣ್ಣ ಅವರನ್ನು ಹಾಗೇ ಬೆನ್ನಿಗೆ ಹೇರಿಕೊಂಡ. ನಾನು ಮುಂದೆ ಹೊರಟೆ. ನಡುದಾರಿಯಲ್ಲಿ ತಣ್ಣೀರು ಎದೆಗೆ ತಾಗಿ ಅವರಿಗೆ ಎಚ್ಚರವಾಯಿತು.

"ನಾ ಸತ್ತೀನೇನು?"

"ಇಲ್ಲರಿ ಸರ್," ಎಂದ ರೇವಣ್ಣ, ಏದುಸಿರು ಬಿಡುತ್ತ.

"ಮತ್ತ ಎಲ್ಲಿಗಿ ಒಯ್ಯಾಕತ್ತೀರಿ?"

"ಬಸ್ಸಿಗ್ರಿ."

ಅಷ್ಟರಲ್ಲಿ ರೇವಣ್ಣನ ಕಾಲ ಕೆಳಗಿನ ಕಲ್ಲು ಜಾರಿತು. ಇಬ್ಬರೂ ಮುಳುಗಿದರು. ನನ್ನ ಕೈಗೆ ಹೆಡ್ ಮಾಸ್ತರರ ಕಾಲರು ಸಿಕ್ಕಿತು, ರೇವಣ್ಣ ಸಿಗಲಿಲ್ಲ. ದಂಡೆಯವರು ಹಗ್ಗ ಎಳೆಯುತ್ತಿದ್ದರು, ನಾನು ತಿರುಗಿ ತಿರುಗಿ ನೋಡುತ್ತಿದ್ದೆ. ಆ ಒಂದು ಗಳಿಗೆಯಲ್ಲಿ ನನಗೆ ಅವನ ಇಬ್ಬರು ಮಕ್ಕಳು ಕಂಡರು. ಆಮೇಲೆ ಹತ್ತು ಮಾರು ಕೆಳಗೆ ನೀರು ಎಲ್ಲಾ ದಿಕ್ಕಿಗೂ ಸಿಡಿಯತೊಡಗಿತು. ಅಂಥ ಈಜು ಭೂಮಿಯ ಮೇಲೆ ಬೇರೆ ಯಾರೂ ಈಜುವುದಿಲ್ಲ. ರೇವಣ್ಣನೇ! ಎಣಿಸಿದಂತೆ ಏಳೆಂಟು ಕೈ ಹೊಡೆದು, ಜಾಲಿಯ ಬೇರು ಹಿಡಿದು ಮೇಲೆ ಬಂದ. ನಾನು ಓಡಿ ಹೋಗಿ ಅವನ ಬೆನ್ನಿಗೆ ಎರಡು ಗುದ್ದಿದೆ. ಆಮೇಲೆ ಅಳು ಬಂತು.

ಹೆಡ್ ಮಾಸ್ತರರು ಒಂದು ಬೂಟು ಹೊಳೆ ಪಾಲಾಯಿತೆಂದು ಹುಡುಕುತ್ತಿದ್ದರು.

ಇಷ್ಟಕ್ಕೆ ಮುಗಿಯಲಿಲ್ಲ. ಹದಿನೈದು ದಿನಕ್ಕೆ ಮೇಲಿನ ಕಚೇರಿಯಿಂದ ನನಗೆ ನೋಟೀಸು ಬಂತು. ಓಡಿ ಬರುವಾಗ ಕಾಲು ಉಳುಕಿದ ಒಬ್ಬರು ದೂರು ಕೊಟ್ಟಿದ್ದರಂತೆ. "ಪಾರ್ಕಿನಲ್ಲಿ ಮಂಗಗಳು ಇಲ್ಲದಿರುವಾಗ ಇವೆಯೆಂದು ಸುಳ್ಳು ಪ್ರಕಟಣೆ ಮಾಡಿ ಸಾರ್ವಜನಿಕರನ್ನು ಗಾಬರಿಗೊಳಿಸಿದ್ದೇಕೆ?" ಕೆಲಸದಿಂದ ಯಾಕೆ ತೆಗೆಯಬಾರದು ಎಂದೂ ಕೊನೆಯಲ್ಲಿ ಕೇಳಿದ್ದರು.

ಸಾಹೇಬರು ಕರೆಸಿದರು. ರೇವಣ್ಣನೂ ನನ್ನ ಹಿಂದೆ ಬಂದ.

"ಮಂಗ್ಯಾ ಇದ್ವೇನು?"

"ಇಲ್ಲರಿ."

"ಮತ್ತ ಯಾಕ ಒದರಿದಿ?"

"ನೀರು ಬಂತಂದ್ರ ಯಾರೂ ಏಳಲಿಲ್ರಿ."

ರೇವಣ್ಣನಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಅಕ್ಕನ ನೌಕರಿ ಹೋಗೂದಾದ್ರ ನಂದೂ ಹೋಗ್ಲಿ. ನಾ ಬಂದಾಗ ನನಗ ಈಜೇ ಬರ್ತಿದ್ದಿಲ್ಲ. ಇಕಿ ಮಂಗಳವಾರ ಮಂಗಳವಾರ ಕಲಿಸ್ಯಾಳ," ಎಂದು ಎಲ್ಲವನ್ನೂ ಹೇಳಿಬಿಟ್ಟ. ನಾನು ಅವನ ಕಾಲು ತುಳಿದೆ. ಪ್ರಯೋಜನವಾಗಲಿಲ್ಲ.

ಸಾಹೇಬರು ಎದ್ದು ಬಾಗಿಲು ಮುಚ್ಚಿದರು. ಕನ್ನಡಕ ಒರೆಸಿದರು. ಆಮೇಲೆ ಒಂದು ಹಾಳೆ ತೆಗೆದು ಉತ್ತರವನ್ನು ತಾವೇ ಬರೆಯತೊಡಗಿದರು. ಬರೆದದ್ದನ್ನು ನನಗೆ ಓದಿ ಹೇಳಿದರು: "ಸದರಿ ದಿನ ಮಂಗಗಳು ಬಂದಿದ್ದು ನಿಜ. ಸಿಬ್ಬಂದಿಯ ಕೂಗಿಗೆ ಹೆದರಿ ಓಡಿಹೋಗಿರುತ್ತವೆ. ನಾನು ಖುದ್ದಾಗಿ ನೋಡಿರುತ್ತೇನೆ."

"ನೀವು ಅವತ್ತು ರಜಾದಾಗಿದ್ರಲ್ರಿ," ಎಂದೆ.

"ಬಾಯಿ ಮುಚ್ಚು," ಎಂದು ಸಹಿ ಹಾಕಿದರು.

ಮುಂದಿನ ಮಂಗಳವಾರ ರೇವಣ್ಣನೂ ನಾನೂ ಮೆಟ್ಟಿಲಿಗೆ ಬಂದಾಗ ಏಳೂ ಆಗಿರಲಿಲ್ಲ. ಸಾಹೇಬರು ಆಗಲೇ ಬಂದು ನಿಂತಿದ್ದರು. ಬಗಲಲ್ಲಿ ಕಚೇರಿಯ ಚೀಲ, ಅದರಿಂದ ಟವೆಲ್ಲಿನ ತುದಿ ಹೊರಗೆ ಇಣುಕುತ್ತಿತ್ತು. ಅವರ ಹಿಂದೆಯೇ ಅವರು ನಿಲ್ಲಿಸಿದ "ಇಲ್ಲಿ ಈಜಬಾರದು" ಬೋರ್ಡು.

"ತಪಾಸಣಿಗಿ ಬಂದೀನಿ," ಎಂದರು. ಆಮೇಲೆ ಹೊಳೆಯನ್ನು ನೋಡುತ್ತ, "ಹದಿನೆಂಟು ವರ್ಷ ಹೊಳಿ ದಂಡಿ ನೌಕರಿ. ಪಾದ ತೊಯ್ಸಿಲ್ಲ," ಎಂದರು.

ಹೊಳೆ ಮತ್ತೆ ತಿಳಿಯಾಗಿತ್ತು. ಬನಿಯನ್ನು, ಚೆಡ್ಡಿಯಲ್ಲಿ ಇಳಿದರು. ಕನ್ನಡಕ ತೆಗೆಯಲು ಮಾತ್ರ ಒಪ್ಪಲಿಲ್ಲ. ರೇವಣ್ಣ ಅವರ ಬೆನ್ನಿಗೆ ತನ್ನ ಹಳೆಯ ಡಬ್ಬಿಗಳನ್ನು ಬಿಗಿದ. ನಾನು ಹೊಟ್ಟೆಯ ಕೆಳಗೆ ಕೈ ಕೊಟ್ಟು ಮಡುವಿನ ಅಂಚಿಗೆ ನಡೆಸಿದೆ. ಅವರು ಕಣ್ಣು ಗಟ್ಟಿಯಾಗಿ ಮುಚ್ಚಿ, ಕೈ ಬಡಿಯುತ್ತ, ಇಷ್ಟು ವರ್ಷಗಳಲ್ಲಿ ಮೊದಲ ಸಲ ನನಗೆ ಗೌರವದ 'ರಿ' ಹಚ್ಚಿ ಮಾತಾಡಿದರು.

"ಚಂದ್ರಮ್ಮನವರ, ಕೈ ಬಿಡಬ್ಯಾಡ್ರಿ! ಬಿಡಬ್ಯಾಡ್ರಿ!"

"ಬಿಟ್ಟು ಭಾಳ ಹೊತ್ತಾತ್ರಿ, ಸಾಹೇಬ್ರ," ಎಂದೆ ನಾನು, ದಂಡೆಯಿಂದ.